ಚಾದರದ ಅಂಗಡಿಗೆ ನನ್ನ ನೆನಪು

ಹಾಸಿಗೆಯ ಚಾದರ ಮಾರುವ ಅಂಗಡಿಯೊಂದು ನನ್ನನ್ನು ನೆನೆಸಿಕೊಂಡು ಕೊರಗುತ್ತಿದೆ. ಇವತ್ತು ಬೆಳಿಗ್ಗೆಯೂ ಅವರ ಇ-ಮೇಲ್ ಬಂದಿತ್ತು. 'ಪ್ರಿಯ ಸುಶೀಲಾ, ನೀವು ಬಂದು ಬಹಳ ದಿನವಾಯಿತು. ನೀವಿಲ್ಲದೆ ನಮಗೆ ಬೇಸರವಾಗಿದೆ. ನಿಮ್ಮ ದಾರಿ ನೋಡುತ್ತಿದ್ದೇವೆ.' ಇಂಗ್ಲಿಷಿನಲ್ಲಿತ್ತು ಅನ್ನಿ. ನಾನು ಏನನ್ನು ಓದಿದರೂ ಒಳಗೊಳಗೇ ಕನ್ನಡ ಮಾಡಿಕೊಂಡು ಓದುವವಳು. ಮೊದಲ ಸಲ ಈ ಸಾಲುಗಳನ್ನು ಓದಿದಾಗ ನನ್ನ ಗಂಟಲು ತುಸು ಕಟ್ಟಿತು ಎಂದರೆ ನೀವು ನಗಬಾರದು. ಅಷ್ಟು ಅಕ್ಕರೆಯಿಂದ ನನ್ನನ್ನು ಆಗ ಯಾರೂ ಕರೆಯುತ್ತಿರಲಿಲ್ಲ. ಮನೆಯಲ್ಲಿದ್ದ ಇನ್ನೊಬ್ಬರಂತೂ ನಾನಾಗಿ ಕರೆದರೂ ಓಗೊಡುವುದನ್ನು ಬಿಟ್ಟಿದ್ದರು. ಮೇಲ್‌ನ ಕೊನೆಗೆ, ಎರಡು ಚಾದರ ಕೊಂಡರೆ ದಿಂಬಿನ ಗವಸು ಉಚಿತ ಎಂದು ಬರೆದಿತ್ತು. ಅಲ್ಲಿಗೆ ಗಂಟಲು ಸರಿಹೋಯಿತು.

ತಮಾಷೆಯೆಂದರೆ ಆ ಅಂಗಡಿಗೆ ನಾನು ಹೋದವಳೇ ಅಲ್ಲ. ಹೋದವರು ನಮ್ಮ ಮನೆಯವರು. ಹೈದರಾಬಾದಿನಲ್ಲಿ ಈಗ ಒಂದು ಟವೆಲ್ ಕೊಂಡರೂ ಕೌಂಟರಿನ ಹುಡುಗಿ ಬಿಲ್ಲು ಮಾಡುವ ಮೊದಲು "ಮೆಯಿಲ್ ಐಡಿ ಚೆಪ್ಪಂಡಿ ಸಾರ್" ಎಂದು ತೆಲುಗಿನಲ್ಲಿ ಇ-ಮೇಲ್ ವಿಳಾಸ ಕೇಳುತ್ತಾಳೆ. ಜಾಣರು ತಲೆಯಾಡಿಸಿ ಚೀಲ ಎತ್ತಿಕೊಂಡು ನಡೆಯುತ್ತಾರೆ. ನಮ್ಮವರಿಗೆ ಅದು ಆಗದ ಕೆಲಸ. ಒಬ್ಬರು ಬಾಯಿಬಿಟ್ಟು ಕೇಳಿದ ಮೇಲೆ ಒಲ್ಲೆ ಅನ್ನುವುದು ಹೇಗೆ ಎಂದು ಸಂಕೋಚ. ಇವರಿಗೆ ಸ್ವಂತದ್ದೊಂದು ಇ-ಮೇಲ್ ಇಲ್ಲ. ಮಗಳು ನನಗೆ ಮಾಡಿಕೊಟ್ಟದ್ದೇ ಇಡೀ ಮನೆಗೆ, ಗ್ಯಾಸಿಗೆ, ಕರೆಂಟಿಗೆ, ಬ್ಯಾಂಕಿಗೆ. ಆ ವಿಳಾಸವನ್ನು ಇವರು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡಿದ್ದಾರೆ. ಕೇಳಿದವರಿಗೆಲ್ಲ ಅದನ್ನು ಒಪ್ಪಿಸಿ ಬರುತ್ತಾರೆ. ಹಾಗಾಗಿ ಗಂಡಸರ ಬನಿಯನ್ನು, ಕೂದಲು ಉದುರದಂತೆ ಹಚ್ಚುವ ಎಣ್ಣೆ, ವ್ಯಾಯಾಮದ ಯಂತ್ರ, ಊರಾಚೆಯ ಪ್ಲಾಟು ಎಲ್ಲವೂ ನನ್ನ ಫೋನಿಗೆ ಬಂದು ಬೀಳುತ್ತವೆ. 'ಪ್ರಿಯ ಸುಶೀಲಾ, ನಿಮ್ಮ ಗಡ್ಡಕ್ಕೆ ಹೊಸ ಮೆರುಗು' ಎಂದು ಒಬ್ಬರು ವಾರಕ್ಕೊಮ್ಮೆ ಬರೆಯುತ್ತಿದ್ದರು. ಇವರು ಎಲ್ಲಿ ಹೋಗಿ ಬಂದರು ಎಂಬುದು ಇವರು ಚಪ್ಪಲಿ ಬಿಡುವ ಮೊದಲೇ ನನಗೆ ಗೊತ್ತಾಗಿರುತ್ತದೆ.

ಗೊತ್ತಾಗುತ್ತದೆ ಎಂದುಕೊಂಡಿದ್ದೆ. ಅದೇ ನನ್ನ ಪೇಚಾಟದ ಮೂಲ.

ನಮ್ಮ ಮನೆಯಲ್ಲಿ ಒಂದು ರೂಢಿಯಿತ್ತು, ಅದನ್ನು ಹೇಳದೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ನಮ್ಮವರು ಹುಟ್ಟಿ ಬೆಳೆದದ್ದು ಇಲ್ಲೇ ನಾರಾಯಣಗೂಡದಲ್ಲಿ. ಮನೆಮಾತು ಕನ್ನಡವಾದರೂ ಶಾಲೆಯಲ್ಲಿ ಕಲಿತದ್ದು ತೆಲುಗು, ಒಂದಿಷ್ಟು ಉರ್ದು. ಕನ್ನಡ ಮಾತಾಡುತ್ತಾರೆ, ಕನ್ನಡದಲ್ಲೇ ಸಿಟ್ಟಾಗುತ್ತಾರೆ, ಆದರೆ ಓದಲು ಬಾರದು, ಅಕ್ಷರ ತೆಲುಗಿನದನ್ನು ಹೋಲುತ್ತದೆಂದು ಕೂಡಿಸಿ ಕೂಡಿಸಿ ಓದಲು ಹೋದರೆ ಒಂದು ಸಾಲಿಗೇ ಸುಸ್ತು. ಕಲಬುರಗಿಯಿಂದ ಮದುವೆಯಾಗಿ ಬಂದ ಹೊಸತರಲ್ಲಿ ನಾನು ತರಿಸುತ್ತಿದ್ದ ಕನ್ನಡ ವಾರಪತ್ರಿಕೆಯನ್ನು ಇವರು ತಿರುವಿ ಹಾಕಿ ಬರೀ ಚಿತ್ರ ನೋಡುತ್ತಿದ್ದರು. ಪಾಪ ಅನ್ನಿಸಿ ಒಂದು ಸಂಜೆ ಧಾರಾವಾಹಿಯ ಕಂತನ್ನು ಗಟ್ಟಿಯಾಗಿ ಓದಿದೆ. ಮರುವಾರ ಇವರೇ "ಆ ಹುಡುಗಿ ಕಥಿ ಏನಾತು, ಓದ" ಅಂದರು. ಅಲ್ಲಿಂದ ಅದು ನಡೆದುಕೊಂಡು ಬಂತು. ಇವರು ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯಲ್ಲಿ ಬಾಯ್ಲರಿನ ಪಕ್ಕ ನಿಂತು ದುಡಿದು, ಕಂಪನಿಯ ಬಸ್ಸಿನಲ್ಲಿ ತೂಕಡಿಸುತ್ತ ಮನೆಗೆ ಬಂದು, ಕೈಕಾಲು ತೊಳೆದು ಬಾಲ್ಕನಿಯಲ್ಲಿ ಕೂರುತ್ತಿದ್ದರು. ನಾನು ಓದುತ್ತಿದ್ದೆ. ಇವರು ಹೂಂಗುಡುತ್ತಿದ್ದರು. ನಮ್ಮ ದಾಂಪತ್ಯ ಎಂಬುದೇನಾದರೂ ಇದ್ದರೆ ಅದು ಬಹುಪಾಲು ಆ ಬಾಲ್ಕನಿಯಲ್ಲೇ ಇತ್ತು.

ನಿವೃತ್ತರಾದ ಮೇಲೆ ಇನ್ನೂ ಹೆಚ್ಚು ಓದಬಹುದು ಎಂದುಕೊಂಡಿದ್ದೆ. ಆದದ್ದು ಉಲ್ಟಾ. ಮೊದಲು ಹೂಂಗಳು ತಡವಾಗಿ ಬರತೊಡಗಿದವು. ಆಮೇಲೆ ಅಳುವ ಕಡೆ ಇವರು ನಗತೊಡಗಿದರು. ಕೊನೆಗೆ ಒಂದು ಸಂಜೆ "ಇವತ್ತ ಬ್ಯಾಡ, ನೀನ ಓದ್ಕೋ" ಎಂದು ಒಳಗೆ ಎದ್ದು ಹೋದರು. ಮರುವಾರವೂ ಅದೇ. ಅಡುಗೆಮನೆಯಿಂದ ಏನಾದರೂ ಕೇಳಿದರೆ ಉತ್ತರವಿಲ್ಲ. ಇಷ್ಟು ವರ್ಷ ಕೇಳಿ ಕೇಳಿ ನನ್ನ ದನಿಯೇ ಬೇಸರವಾಗಿರಬೇಕು ಎಂದುಕೊಂಡೆ. ಬಹಳ ನೋವಾಯಿತು. ಒಬ್ಬಳೇ ಕೂತು ಓದಿಕೊಳ್ಳಲು ಹೋದರೆ ಪುಟ ಮುಂದೆ ಸರಿಯಲೇ ಇಲ್ಲ. ವಾರಪತ್ರಿಕೆ ಬಿಡಿಸದೆ ಹಾಗೇ ಬೀಳತೊಡಗಿತು.

ಇವರೂ ನಮ್ಮ ಅಜ್ಜನ ಹಾಗಾದರೋ ಏನೋ ಎಂದು ಒಮ್ಮೊಮ್ಮೆ ಅನ್ನಿಸುತ್ತಿತ್ತು. ಕಲಬುರಗಿಯ ಮನೆಯಲ್ಲಿ ನಮ್ಮ ಅಜ್ಜ ಆಯಿಯ ಜೊತೆ ನೇರವಾಗಿ ಮಾತಾಡಿದ್ದನ್ನು ನಾನು ಕಂಡಿಲ್ಲ. ಆಯಿ ಎಂದರೆ ನಮ್ಮ ಕಡೆ ಅಜ್ಜಿ. ಜಗಳವೇನೂ ಇರಲಿಲ್ಲ, ಆ ಕಾಲದ ಗಂಡಸರಿಗೆ ಹೆಂಡತಿಯ ಮುಖ ನೋಡಿ ತನ್ನ ಕಷ್ಟ ಹೇಳಿಕೊಳ್ಳುವುದು ನಾಚಿಕೆಯ ವಿಷಯ. ಜ್ವರ ಬಂದರೆ ಅಜ್ಜ ಪಡಸಾಲೆಯ ಕಂಬಕ್ಕೆ "ಯಾಕೋ ಮೈ ಬೆಚ್ಚಗ ಆಗೇತಿ" ಎನ್ನುತ್ತಿದ್ದ. ಆಯಿ ಒಳಗಿನಿಂದ ಒಲೆಗೆ "ಕಷಾಯ ಕುದಿಯಾಕತ್ತೈತಿ" ಎಂದು ಉತ್ತರ ಕೊಡುತ್ತಿದ್ದಳು. ಕಂಬ ಮತ್ತು ಒಲೆ ಸೇರಿ ಆ ಸಂಸಾರವನ್ನು ಚೆನ್ನಾಗಿಯೇ ನಡೆಸಿದವು.

ಬಾಗಿಲಿಗೆ ಮಾರಲು ಬರುವವರಿಂದಲೂ ಅಜ್ಜನಿಗೆ ಇದೇ ಉಪಯೋಗ. ನಮ್ಮ ಓಣಿಗೆ ಬಳೆಗಾರ ಬರುತ್ತಿದ್ದ, ಹಳೆಯ ಸೀರೆಗೆ ಪಾತ್ರೆ ಕೊಡುವ ಹೆಂಗಸು ಬರುತ್ತಿದ್ದಳು, ಸೊಲ್ಲಾಪುರದ ಚಾದರಗಳನ್ನು ಹೆಗಲ ಮೇಲೆ ಹೊತ್ತವನೊಬ್ಬ ಬರುತ್ತಿದ್ದ. ಆಯಿ ಯಾರಿಗೂ ಬೇಡ ಎಂದವಳಲ್ಲ. ಬಂದವರಿಗೆ ನೀರು ಕೊಟ್ಟು "ಮುಂದಿನ ಸಲ ನೋಡೂಣಪಾ" ಎನ್ನುವಳು. ಅವನು ಮುಂದಿನ ಸಲ ತಪ್ಪದೆ ಬರುವನು, ಇವಳು ಮತ್ತೆ ಅದನ್ನೇ ಹೇಳುವಳು. ಒಂದು ಚಳಿಗಾಲದಲ್ಲಿ ಮಾತ್ರ ಅಜ್ಜ ಕಟ್ಟೆಯ ಮೇಲೆ ಕೂತು ಆ ಚಾದರದವನಿಗೆ, "ಈ ವರ್ಷ ಥಂಡಿ ಭಾಳ ಐತಿ ತಮ್ಮಾ, ಒಳಗ ಕೆಲವರಿಗೆ ಮಣಕಾಲು ಹಿಡದಾವಂತ, ತಮಗ ಬೇಕು ಅಂತ ಬಾಯಿಬಿಟ್ಟು ಹೇಳೂದಿಲ್ಲ ಅವರು" ಅಂದ. ಚಾದರದವ ತಿಳಿದವನು. ಅಜ್ಜನಿಗೆ ಏನೂ ಅನ್ನದೆ, ಒಂದು ದಪ್ಪನೆಯ ಕೆಂಪು ಚಾದರವನ್ನು ಹೊಸ್ತಿಲ ಒಳಗಿಟ್ಟ. ಆಯಿ ಅದನ್ನು ಎತ್ತಿಕೊಂಡು ಒಳಗೆ ಹೋದಳು. ಇಬ್ಬರೂ ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ಆ ಚಾದರ ಹರಿದು ಚಿಂದಿಯಾಗುವ ತನಕ ಆಯಿ ಬೇರೆಯದನ್ನು ಹೊದೆಯಲಿಲ್ಲ.

ಎಲ್ಲಿದ್ದೆ? ಹಾಂ, ಇ-ಮೇಲ್. ಮಗಳು ವೀಣಾ ಗಚ್ಚಿಬೌಲಿಯಲ್ಲಿದ್ದಾಳೆ, ಊರು ಒಂದೇ ಆದರೂ ಟ್ರಾಫಿಕ್ಕಿನ ದಯೆಯಿಂದ ಪರದೇಶದಲ್ಲಿದ್ದ ಹಾಗೆ. ಒಂದು ಭಾನುವಾರ ಬಂದವಳು ನನ್ನ ಫೋನು ನೋಡಿ ಹಣೆ ಚಚ್ಚಿಕೊಂಡಳು.

"ಅವ್ವಾ, ಏನಿದು, ಇಷ್ಟೊಂದು ಕಸಾ ಯಾಕ ಇಟ್ಕೊಂಡಿ?"

"ಯಾವುದು ಕಸಾ, ಯಾವುದು ಕಾಳು ಅಂತ ನನಗ ಹೆಂಗ ತಿಳೀಬೇಕವಾ?"

"ಭಾಳ ಸಿಹಿ ಮಾತಾಡ್ಯಾರಂದ್ರ ಅದು ಜಾಹೀರಾತು. ಲಗೂ ಮಾಡ್ರಿ, ಇವತ್ತ ಕಡೀ ದಿನ ಅಂದ್ರ ಜಾಹೀರಾತು. ಪುಕ್ಕಟ ಕೊಡ್ತೀವಿ ಅಂದ್ರಂತೂ ಮುಗದ ಹೋತು. ಗುರ್ತು ಪರಿಚಯ ಇಲ್ಲದವರು ಕಳಿಸಿದ್ದಿದ್ರ ಅದರಾಗ ಎಲ್ಲೂ ಒತ್ತಬ್ಯಾಡ, ಸ್ಪ್ಯಾಮ್ ಅಂತ ಒಗದ ಬಿಡು. ಅಪ್ಪ ಹೋಗಿ ಬಂದ ಅಂಗಡಿ ಇದ್ರ, ತಳದಾಗ ಸಣ್ಣಂದು ಅನ್‌ಸಬ್‌ಸ್ಕ್ರೈಬ್ ಅಂತ ಇರ್ತೈತಿ, ಅದನ್ನ ಒತ್ತು. ಅವರು ಮತ್ತ ಬರೂದಿಲ್ಲ."

"ನಿನಗ ಇಷ್ಟೆಲ್ಲಾ ಹೆಂಗ ಗೊತ್ತು?"

"ನಾನ ಬರೀತೀನಲ್ಲವಾ ಅಂಥವು," ಅಂದಳು. "ಅದ ನನ್ನ ನೌಕರಿ."

ಮಗಳು ಕಂಪ್ಯೂಟರಿನಲ್ಲಿ ಏನೋ ಮಾಡುತ್ತಾಳೆ ಎಂದಷ್ಟೇ ನನಗೆ ಗೊತ್ತಿತ್ತು. ಅವಳ ಕಂಪನಿ ಸೋಫಾ, ಮಂಚ ಮಾರುತ್ತದಂತೆ. ಒಮ್ಮೆ ಕೊಂಡು ಮರೆತ ಗಿರಾಕಿಗಳಿಗೆ 'ನಿಮ್ಮ ನೆನಪಾಗುತ್ತಿದೆ' ಎಂದು ಬರೆಯುವವಳು ನನ್ನ ಮಗಳು. ನನಗೆ ಅವಳು ಫೋನು ಮಾಡುವುದು ಭಾನುವಾರ, ಅದೂ ಮಿಕ್ಸರಿನ ಸದ್ದಿನ ನಡುವೆ. ಗುರುತಿಲ್ಲದ ಜನರನ್ನು ದಿನಾ ನೆನೆಯುತ್ತಾಳೆ. ಇದಕ್ಕೆ ನಗಬೇಕೋ ಅಳಬೇಕೋ ತಿಳಿಯದೆ ಅವಳ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದೆ.

ಅವಳು ಕಲಿಸಿದ ಪಾಠವನ್ನು ಪಾಲಿಸಲು ಹೊರಟಾಗ ನನ್ನ ತಲೆ ಇನ್ನಷ್ಟು ಕೆಟ್ಟಿತು. ರಾಯಚೂರಿನ ನಾದಿನಿ ಫೋನು ಮಾಡಿ, "ವೈನೀ, ಭಾಳ ನೆನಪಾಗೀರಿ, ಹಿತ್ತಲದಾಗ ಮಾವಿನಹಣ್ಣು ಬಂದಾವ, ಲಗೂ ಬರ್ರಿ, ತಡಾ ಮಾಡಿದ್ರ ಮುಗೀತಾವ" ಅಂದಳು. ಸಿಹಿ ಮಾತು, ಅವಸರ, ಪುಕ್ಕಟೆ ಹಣ್ಣು, ಮೂರೂ ಇವೆ. ಮಗಳ ಲೆಕ್ಕದಲ್ಲಿ ನನ್ನ ನಾದಿನಿ ಅಪ್ಪಟ ಜಾಹೀರಾತು. ಒಂದು ಮೇಲ್ ಕರೆಂಟು ಕಡಿಯುತ್ತೇವೆ ಎಂದು ಗದರಿಸಿತು, ನಿಜವೆಂದು ಹೆದರಿ ಕೂತೆ, ಅದು ಕಳ್ಳರದಂತೆ. ನಿಜವಾದ ಬಿಲ್ಲು ಎಲ್ಲೋ ಮೂಲೆಯಲ್ಲಿ ಸುಮ್ಮನೆ ತಣ್ಣಗೆ ಬಿದ್ದಿತ್ತು. ಹಾಗಾದರೆ ಸಿಹಿ ಮಾತನ್ನೂ ನಂಬಬಾರದು, ಬಿರುಸು ಮಾತನ್ನೂ ನಂಬಬಾರದು. ಇವೆರಡನ್ನೂ ಬಿಟ್ಟು ಮಾತಾಡುವವರು ನಮ್ಮ ಬಳಗದಲ್ಲಿ ಯಾರಿದ್ದಾರೆ ಎಂದು ಯೋಚಿಸಿದೆ. ಮನೆಯಲ್ಲಿ ಒಬ್ಬರಿದ್ದರು, ಅವರು ಮಾತೇ ಆಡುತ್ತಿರಲಿಲ್ಲ.

ಅನ್‌ಸಬ್‌ಸ್ಕ್ರೈಬ್ ಮಾಡುವುದೂ ಸುಲಭವಿರಲಿಲ್ಲ. ಇರುವೆಯಂಥ ಅಕ್ಷರವನ್ನು ಹುಡುಕಿ ಒತ್ತಿದರೆ, 'ನಮ್ಮನ್ನು ಬಿಟ್ಟು ಹೋಗಲು ಕಾರಣವೇನು?' ಎಂದು ಕೇಳುತ್ತಾರೆ. ಆಯಿಯ ಮೊಮ್ಮಗಳಾಗಿ ಕಾರಣ ಹೇಳದೆ ಎದ್ದು ಬರುವುದು ಹೇಗೆ? ಬನಿಯನ್ನಿನವರಿಗೆ, 'ನಿಮ್ಮ ಸಾಮಾನು ಚೆನ್ನಾಗಿದೆ, ತಪ್ಪು ತಿಳಿಯಬೇಡಿ, ನಾನು ಹೆಂಗಸು' ಎಂದು ಬರೆದೆ. ಪ್ಲಾಟಿನವರಿಗೆ, 'ಇದ್ದ ಮನೆಯನ್ನೇ ಗುಡಿಸಲಾಗುತ್ತಿಲ್ಲ' ಎಂದು ಬರೆದೆ. ಮೊದಮೊದಲು ಒಬ್ಬರನ್ನು ಕಳಿಸಿದ ದಿನವೆಲ್ಲ ಮನಸ್ಸಿಗೆ ಕಸಿವಿಸಿ. ಬರಬರುತ್ತ ರುಚಿ ಹತ್ತಿತು. ಬೆಳಗಿನ ಚಹಾದ ಜೊತೆಗೆ ಫೋನು ಹಿಡಿದು ಕೂತರೆ, ಓದುವ ಗೊಡವೆಯೂ ಇಲ್ಲ, ತಲೆಬರಹ ನೋಡಿದ ಕೂಡಲೇ ಒಬ್ಬೊಬ್ಬರನ್ನೇ ಹೊರಗೆ ಹಾಕುತ್ತಿದ್ದೆ. ಗಂಡ ಮಾತಾಡುತ್ತಿಲ್ಲ ಎಂಬ ಸಿಟ್ಟೂ ಅದರಲ್ಲಿ ಸೇರಿತ್ತು ಎಂದು ಈಗ ಅನ್ನಿಸುತ್ತದೆ. 'ನಿಮ್ಮ ಪ್ರೀತಿಯ ದನಿಗಳನ್ನು ಮತ್ತೆ ಕೇಳಿ' ಎಂದು ಒಂದು ಬಂದಿತ್ತು. ಹಾಡಿನ ಪೆಟ್ಟಿಗೆ ಮಾರುವವರಿರಬೇಕು, ಸಿಹಿ ಮಾತು ಬೇರೆ. ಒಂದಕ್ಷರ ಓದದೆ ನೇರ ತಳಕ್ಕೆ ಹೋಗಿ ಒತ್ತಿದೆ. ಚಾದರದ ಅಂಗಡಿಯೊಂದನ್ನು ಮಾತ್ರ ಉಳಿಸಿಕೊಂಡೆ, ಯಾಕೆ ಎಂದು ಕೇಳಬೇಡಿ.

ಇದಾಗಿ ಕೆಲವು ದಿನಕ್ಕೆ ನಮ್ಮವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, "ಇಲ್ಲೇ ಹಿಮಾಯತ್‌ನಗರದ ಕಡೆ ಹೋಗಿ ಬರ್ತೀನಿ" ಎಂದು ಹೊರಟರು. ಎಲ್ಲಿಗೆ ಎಂದು ನಾನು ಕೇಳಿದೆ, ಉತ್ತರ ಬರಲಿಲ್ಲ. ಹೋಗಲಿ, ಹೇಗೂ ಫೋನಿಗೆ ಬರುತ್ತದಲ್ಲ ಎಂದು ಸುಮ್ಮನಾದೆ. ಬರಲಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಇವರೇ ಬಂದರು. ಚಪ್ಪಲಿ ಕೂಡ ಬಿಡದೆ ಕುರ್ಚಿಯಲ್ಲಿ ಕುಸಿದು ಕೂತರು. ನೀರು ಕೊಟ್ಟೆ.

"ನಿನ್ನ ಮೇಲಿಗೆ ಏನರೆ ಬಂದಿತ್ತೇನು?" ಎಂದು ಕೇಳಿದರು.

"ಬನೀನು, ಎಣ್ಣಿ, ಪ್ಲಾಟು ಎಲ್ಲಾ ಬಂದಿದ್ವು. ನಿಮಗ ಯಾವುದು ಬೇಕಾಗಿತ್ರಿ?" ಎಂದೆ, ತಿರುಗಿ ತಂಬಿಗೆ ಇಡುತ್ತ.

"ಏನಂದಿ?"

ತಿರುಗಿ ನೋಡಿದೆ. ಇವರು ನನ್ನ ಕಣ್ಣು ನೋಡುತ್ತಿರಲಿಲ್ಲ, ತುಟಿ ನೋಡುತ್ತಿದ್ದರು. ಎಷ್ಟು ದಿನದಿಂದ ಹೀಗೆ ನೋಡುತ್ತಿದ್ದರೋ, ನಾನು ಗಮನಿಸಿರಲೇ ಇಲ್ಲ.

"ಕಿವಿ ತೋರಸಾಕ ಹೋಗಿದ್ನಿ," ಅಂದರು. "ಮೊದಲ ಒಮ್ಮೆ ತೋರಿಸಿ ಬಂದಿದ್ನಿ. ಮಷಿನ್ ಹಾಕಿ ನೋಡ್ತೀವಿ, ಇವತ್ತ ಬರ್ರಿ ಅಂದಿದ್ರು. ಹೋದ್ರ ಡಾಕ್ಟರು ಇಲ್ಲ. ನಾಳೆ ಬರ್ರಿ ಅಂತ ಮೇಲ್ ಮಾಡಾಕ ನೋಡಿದ್ವಿ ಸಾರ್, ನಮ್ಮ ಮೇಲ್ ಬ್ಯಾಡ ಅಂತ ನೀವ ಒತ್ತೀರಿ ಅಂದ್ಲು ಅಲ್ಲಿ ಕೂತ ಹುಡುಗಿ. ನಾ ಎಲ್ಲಿ ಒತ್ತೀನಿ?"

ಪ್ರೀತಿಯ ದನಿಗಳು. ಹಾಡಿನ ಪೆಟ್ಟಿಗೆಯವರಲ್ಲ, ಈ ಕಿವಿಯವರೇ ಬರೆದದ್ದು. ನಿಂತಲ್ಲೇ ಮುಖ ಮುಚ್ಚಿಕೊಳ್ಳಬೇಕೆನ್ನಿಸಿತು.

"ಫೋನ್ ನಂಬರರೆ ಕೊಡಬಾರದಾಗಿತ್ತೇನ್ರಿ?" ಎಂದು ಈ ಸಲ ಎದುರು ನಿಂತು ಜೋರಾಗಿ ಕೇಳಿದೆ.

"ಫೋನಿನ್ಯಾಗ ಅವರು ಹೇಳೂದು ಕೇಳಿದ್ರ ನಾ ಅಲ್ಲಿಗೆ ಯಾಕ ಹೋಗ್ತಿದ್ನಿ?"

"ಮತ್ತ ನನಗ ಒಂದ ಮಾತು ಹೇಳಬೇಕಿಲ್ರಿ?" ಎಂದೆ.

ಇವರು ನನ್ನ ಕಡೆ ನೋಡಲಿಲ್ಲ. ಎದುರಿಗೆ ತಿರುಗುತ್ತಿದ್ದ ಟೇಬಲ್ ಫ್ಯಾನಿನ ಕಡೆ ಮುಖ ಮಾಡಿ ಹೇಳಿದರು. "ಅದಕ್ಕ ನಿನ್ನ ಮೇಲ್ ಕೊಟ್ಟು ಬಂದಿದ್ನಿ. ಅವರು ಬರೀತಾರ, ನೀ ಓದ್ತಿ, ತಿಳಕೋತಿ ಅಂತ ಬಿಟ್ಟಿದ್ನಿ. ಬಾಯಿಲೆ ಹೇಳಾಕ ಆಗಲಿಲ್ಲ." ಫ್ಯಾನಿಗೆ ಮತ್ತೆ ಹೇಳಿದರು. "ನೀ ಓದೂದು ಅರ್ಧಾನೂ ಕೇಳಸ್ತಿರಲಿಲ್ಲ. ಸುಳ್ಳ ಸುಳ್ಳ ಹೂಂ ಅನ್ನೂದು ನನಗ ಬ್ಯಾಸರಾತು."

ನನ್ನ ದನಿ ಬೇಸರವಾಗಿರಲಿಲ್ಲ. ಇಷ್ಟು ದಿನ ನಾನು ನುಂಗಿಕೊಂಡಿದ್ದ ದುಃಖ ಪೂರಾ ತಪ್ಪು ವಿಳಾಸದ್ದು. ಸಮಾಧಾನವೂ ಆಯಿತು, ನನ್ನ ಮೇಲೆ ಸಿಟ್ಟೂ ಬಂತು, ಇವರ ಮೇಲೂ ಬಂತು. ಅಜ್ಜನಿಗೆ ಚಾದರದವನಿದ್ದ. ಇವರು ಅದೇ ಕೆಲಸವನ್ನು ಒಂದು ಕಿವಿಯ ಸೆಂಟರಿಗೆ ಒಪ್ಪಿಸಿ, ಆಯಿಯ ಹಾಗೆ ನಾನೂ ಸುಮ್ಮನೆ ಎತ್ತಿಕೊಂಡು ಒಳಗೆ ಒಯ್ಯುತ್ತೇನೆ ಎಂದು ನಂಬಿ ಕೂತಿದ್ದಾರೆ. ಆಯಿ ಬಾಗಿಲಿಗೆ ಬಂದವರಿಗೆ ನೀರಾದರೂ ಕೊಡುತ್ತಿದ್ದಳು. ನಾನು ಯಾರು ಎಂದು ಕೂಡ ನೋಡದೆ ಕದ ಹಾಕಿದ್ದೆ.

ವೀಣಾಗೆ ಫೋನು ಮಾಡಿ, ಬಿಟ್ಟವರನ್ನು ತಿರುಗಿ ಕರೆಯುವುದು ಹೇಗೆ ಎಂದು ಕೇಳಿದೆ. ಯಾರನ್ನು ಎಂದಳು. ಹೇಳಿದೆ. ಮೊದಲು ನಕ್ಕಳು. "ಅವ್ವಾ, ಬಿಡೂದಕ್ಕ ಬಟನ್ ಇರ್ತೈತಿ, ಕರಿಯೂದಕ್ಕ ಇರೂದಿಲ್ಲ. ಎದ್ದು ಹೋಗಿ ಬರ್ರಿ ಇಬ್ಬರೂ," ಅಂದಳು. ಅದೊಂದು ಮಾತು ಮಾತ್ರ ನನಗೆ ಗೊಂದಲವಿಲ್ಲದೆ ತಿಳಿಯಿತು.

ಮರುದಿನ ಇಬ್ಬರೂ ಆಟೋ ಹಿಡಿದು ಹೋದೆವು. ಕೌಂಟರಿನ ಹುಡುಗಿ ಇವರನ್ನು ಗುರುತು ಹಿಡಿದು, "ಶರಣಪ್ಪ ಗಾರು, ಮೆಯಿಲ್ ಐಡಿ ಮಳ್ಳೀ ಚೆಪ್ಪಂಡಿ" ಎಂದಳು. ಇವರು ನನ್ನ ಮುಖ ನೋಡಿದರು. ಮತ್ತೊಮ್ಮೆ ಹೇಳಲೇ ಎಂದು ಕೇಳುವ ಹಾಗಿತ್ತು. ನಾನೇ ಹೇಳಿದೆ, ಅವಳು ಬರೆದುಕೊಂಡದ್ದು ಸರಿಯಿದೆಯೇ ಎಂದು ಬಗ್ಗಿ ನೋಡಿಯೂ ಬಂದೆ.

ಡಾಕ್ಟರಮ್ಮ ಹುರುಳಿಕಾಳಿನಷ್ಟು ಸಣ್ಣ ಮಷಿನನ್ನು ಇವರ ಕಿವಿಯೊಳಗೆ ಕೂಡಿಸಿ, ಏನೇನೋ ತಿರುಗಿಸಿ, ಇವರನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿದರು. ತುಟಿ ನೋಡಿ ತಿಳಿದುಕೊಳ್ಳಬಾರದಲ್ಲ, ಅದಕ್ಕೆ. ಆಮೇಲೆ ನನ್ನ ಕಡೆ ತಿರುಗಿ, "ಮೇಡಂ, ಏದೈನಾ ಮಾಟ್ಲಾಡಂಡಿ" ಎಂದರು.

ಏನಾದರೂ ಮಾತಾಡಿ ಎಂದರೆ ಏನು ಮಾತಾಡಲಿ? ಜೀವಮಾನವಿಡೀ ಬಾಯಿ ಮುಚ್ಚದ ನನಗೆ ಆ ಕ್ಷಣ ಒಂದು ಶಬ್ದವೂ ಹೊಳೆಯಲಿಲ್ಲ. ಚಹಾ ಕುಡಿದಿರಾ ಎಂದು ಕೇಳಲೇ? ಮನೆಯಿಂದ ಕುಡಿದೇ ಬಂದಿದ್ದೆವು. ಹೇಗಿದೆ ಎನ್ನಲೇ? ಕೇಳಿಸದಿದ್ದರೆ? ಇವರ ಬೋಳುತಲೆ, ಇಸ್ತ್ರಿಯ ಅಂಗಿಯ ಬೆನ್ನು ನೋಡುತ್ತ ನಿಂತೆ. ವಾರಪತ್ರಿಕೆ ಕೈಯಲ್ಲಿದ್ದರೆ ಓದಬಹುದಿತ್ತು. ಕೈಯಲ್ಲಿದ್ದದ್ದು ಫೋನು. ಬಿಡಿಸಿದೆ. ಮೇಲೇ ಕೂತಿತ್ತು ಚಾದರದ ಅಂಗಡಿ. ಬೇರೇನೂ ತೋಚದೆ, ಬಾಲ್ಕನಿಯಲ್ಲಿ ಧಾರಾವಾಹಿ ಓದುತ್ತಿದ್ದ ಹಾಗೆಯೇ, ಅದನ್ನೇ ಕನ್ನಡ ಮಾಡಿಕೊಂಡು ಗಟ್ಟಿಯಾಗಿ ಓದಿದೆ.

"ನೀವು ಬಂದು ಭಾಳ ದಿನಾ ಆತು. ನೀವಿಲ್ಲದ ನಮಗ ಬ್ಯಾಸರಾಗೇತಿ. ನಿಮ್ಮ ದಾರಿ ನೋಡಾಕತ್ತೀವಿ."

ಅಲ್ಲಿಗೆ ನಿಲ್ಲಿಸಿದೆ. ಡಾಕ್ಟರಮ್ಮನಿಗೆ ಕನ್ನಡ ಬಾರದು, ಇನ್ನೂ ಇದೆಯೇನೋ ಎಂದು ಕಾಯುತ್ತ ನಿಂತರು. ಗೋಡೆಯ ಕಡೆ ಮುಖ ಮಾಡಿದ್ದವರು ಅಲ್ಲಾಡಲಿಲ್ಲ.

"ಅಷ್ಟ ಯಾಕ ಒದರ್ತಿ, ಸಾವಕಾಶ ಓದ," ಅಂದರು ಇವರು, ಗೋಡೆಗೆ. ಆಮೇಲೆ ಗೋಡೆಯನ್ನು ಬಿಟ್ಟು ನನ್ನ ಕಡೆ ತಿರುಗಿದರು. "ಮುಂದ ಏನೈತಿ?"

ಮುಂದೆ ದಿಂಬಿನ ಗವಸು ಉಚಿತ ಎಂದಿತ್ತು. ಅದನ್ನೂ ಓದಿದೆ. ಇವರು ಹೂಂ ಅಂದರು.